ಮೇಲೇಳದ ಕೈ

ನಮ್ಮ ಕಣಿವೆಯಲ್ಲಿ ಒಂದೇ ಹೆಸರಿನವರು ಬಹಳ ಜನ. ಆದ್ದರಿಂದ ಯಾರನ್ನು ಕರೆಯುವುದಿದ್ದರೂ ಮನೆಯ ಹೆಸರನ್ನು ಮುಂದೆ ಸೇರಿಸುತ್ತೇವೆ. ನಾನು ಚಾಪೆಲ್ ಮನೆ ಗ್ಲೆನಿಸ್. ನಮ್ಮ ಪ್ರಾರ್ಥನಾಮಂದಿರವಾದ ಚಾಪೆಲ್ಲಿನ ಬೀಗದ ಕೈ ನನ್ನ ಹತ್ತಿರ ಇರುತ್ತದೆ, ಗುಡಿಸಿ ಒರೆಸುವುದು ನನ್ನ ಪಾಲಿನದು, ಭಾನುವಾರ ಮಕ್ಕಳು ಬಾಯಿಪಾಠ ಒಪ್ಪಿಸುವಾಗ ಮರೆತ ಪದವನ್ನು ಪಿಸುಗುಟ್ಟುವುದೂ ನನ್ನ ಪಾಲಿನದೇ. ಗುಡ್ಡದ ಮೇಲೆ ಕುರಿ ಸಾಕುವವನು ಬ್ರಿನ್‌ಹಿರ್ ಎಲ್ವಿನ್. ನದಿಯ ಪಕ್ಕದಲ್ಲಿರುವವಳು ಗಿರಣಿಮನೆ ನೆಸ್ಟಾ. ಮೈರಿಗ್ ಮಾತ್ರ ಕಡಲತೀರದ ಊರಿನಿಂದ ವರ್ಗವಾಗಿ ಬಂದವನು. ಅವನಿಗೆ ಇಲ್ಲಿ ಹೊಲವಿರಲಿಲ್ಲ, ಮನೆಯಿರಲಿಲ್ಲ, ನಂಟು ಹೇಳಿಕೊಳ್ಳಲು ಅತ್ತೆಯೋ ಮಾವನೋ ಇರಲಿಲ್ಲ. ಪೊಲೀಸ್ ಠಾಣೆಯ ಹಿಂಬದಿಯ ಕೋಣೆಗಳಲ್ಲಿ ಒಬ್ಬನೇ ಇರುತ್ತಿದ್ದ. ಹಾಗಾಗಿ ಅವನು ಠಾಣೆ ಮೈರಿಗ್ ಆದ. ಇಲ್ಲಿಯೇ ಅವನ ತಲೆ ನರೆಯಿತು, ಆದರೂ ಅಂಗಡಿಯಲ್ಲಿ ಅವನು ಒಳಗೆ ಬಂದರೆ ಮಾತು ಒಂದು ಗಳಿಗೆ ನಿಂತು, ದಾರಿ ಬದಲಿಸಿ, ಮತ್ತೆ ಹೊರಡುತ್ತಿತ್ತು. ಅವನಿಗೂ ಅದು ಗೊತ್ತಿತ್ತು. ಬೇಗ ಸಾಮಾನು ಕೊಂಡು ಹೊರಟುಬಿಡುತ್ತಿದ್ದ.

ಮೊದಲು ಠಾಣೆಯಲ್ಲಿ ಇಬ್ಬರಿದ್ದರು. ಜೊತೆಯಲ್ಲಿದ್ದ ಪೇದೆ ಹುಡುಗಿ ಬಾಯಿ ಜೋರಿನವಳು, ಕಾರಿನಲ್ಲಿ ಹಾಡುತ್ತಿದ್ದವಳು. ಹಣ ಸಾಲದೆಂದು ಅವಳನ್ನು ಕಡಲತೀರದ ಠಾಣೆಗೆ ಎಳೆದುಕೊಂಡರು. ಆಮೇಲೆ ಇಡೀ ಕಣಿವೆಗೆ, ಅದರ ಹಿಂದಿನ ಎರಡು ಗುಡ್ಡಸಾಲಿಗೆ, ಮೈರಿಗ್ ಒಬ್ಬನೇ ಉಳಿದ.

ಹಣ ಏಕೆ ಸಾಲದು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಪೊಲೀಸರ ಖರ್ಚಿಗೆ ಒಂದು ಭಾಗವನ್ನು ಸರ್ಕಾರ ಕೊಡುತ್ತದೆ. ಉಳಿದದ್ದು ಆಯಾ ಸೀಮೆಯ ಮನೆಗಂದಾಯದಿಂದ ಬರಬೇಕು. ಮನೆಗೆ ಎಷ್ಟು ಬೆಲೆಯೋ ಅಷ್ಟು ಕಂದಾಯ. ನಮ್ಮ ದಡದಲ್ಲಿರುವುದು ಸ್ಲೇಟುಗಲ್ಲಿನ ಗಣಿ ನಡೆಯುತ್ತಿದ್ದಾಗ ಆಳುಗಳಿಗೆಂದು ಕಟ್ಟಿದ ಸಾಲುಮನೆಗಳು. ಗಣಿ ಮುಚ್ಚಿತು, ಮನೆಗಳು ಉಳಿದವು. ಎಲವಿ ನದಿಯ ಸೇತುವೆ ದಾಟಿದರೆ ಬೇರೆ ಸೀಮೆ, ಬೇರೆ ಪೊಲೀಸು. ಅಲ್ಲಿ ದೊಡ್ಡ ತೋಟದ ಮನೆಗಳು, ಕುದುರೆಲಾಯಗಳು, ನಗರದಲ್ಲಿ ದುಡಿದು ಬಂದು ನೆಲೆಸಿದವರ ಹೊಸ ಬಂಗಲೆಗಳು. ಎಲ್ವಿನ್ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದ: "ಅವ್ರ ಕಡೆ ಕಂದಾಯ ಒಂದು ಬೆರಳು ಏರಿಸಿದ್ರೆ ಹೊಸಾ ಪೇದೆ ಬರ್ತಾನೆ. ನಮ್ಮ ಕಡೆ ಏರಿಸಿದ್ರೆ ಕಾರಿಗೆ ಒಂದು ಟೈರು ಬರುತ್ತೆ. ಅದೂ ಯಾರೋ ಓಡಿಸಿ ಬಿಟ್ಟಿದ್ದು."

ಮೈರಿಗ್ ವಾರಕ್ಕೊಮ್ಮೆ ಚಾಪೆಲ್ಲಿನ ಮಾಡಿನ ಸೀಸದ ತಗಡು ಇದೆಯೋ ಕಳ್ಳರು ಕಿತ್ತುಕೊಂಡು ಹೋದರೋ ನೋಡಲು ಬರುತ್ತಿದ್ದ. ನೋಡಿ ಆದ ಮೇಲೆ ನನ್ನ ಅಡುಗೆಮನೆಯಲ್ಲಿ ಚಹಾ. ಹೆಚ್ಚು ಮಾತಾಡುವವನಲ್ಲ. ನಾನೂ ಅಲ್ಲ. ಆದರೆ ಒಂದು ದಿನ ತಾನಾಗಿಯೇ ಹೇಳಿದ: ಗುಡ್ಡದ ತಿರುವಿನಲ್ಲಿ ರೇಡಿಯೊ ಸತ್ತುಹೋಗುತ್ತದೆ, ಅಲ್ಲಿಂದ ಆಚೆ ತನ್ನ ದನಿ ಯಾರಿಗೂ ಕೇಳುವುದಿಲ್ಲ, ಆದರೂ ತಾನು ಮಾತಾಡುತ್ತಲೇ ಇರುತ್ತೇನೆ, ಇಲ್ಲಿ ಕುರಿ ಅಡ್ಡ ಬಂತು, ಇಲ್ಲಿ ಗೇಟು ತೆರೆದಿದೆ, ಇಲ್ಲಿ ಮಂಜು ಇಳಿಯುತ್ತಿದೆ ಎಂದು. ಹೇಳಿ ನಕ್ಕ. ಯಾರೂ ಕೇಳದ ಕಡೆ ಮಾತಾಡುವುದು ನನಗೆ ಹೊಸದಲ್ಲ; ನಾನು ದಿನವೂ ಬೆಳಿಗ್ಗೆ ಖಾಲಿ ಚಾಪೆಲ್ಲಿನಲ್ಲಿ ಮಂಡಿಯೂರುವವಳು. ಆದರೆ ನನ್ನ ಮಾತು ಕೇಳುವವನೊಬ್ಬನಿದ್ದಾನೆ ಎಂಬ ಭರವಸೆ ಇದೆ. ಅವನ ರೇಡಿಯೊಗೆ ಅದೂ ಇರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಬಡ್ತಿಯಲ್ಲ, ಹೊಸ ಕಾರಲ್ಲ. ಕಾರಿನ ಪಕ್ಕದ ಸೀಟಿನಲ್ಲಿ ಒಬ್ಬ ಮನುಷ್ಯ ಬೇಕಾಗಿತ್ತು, ಅಷ್ಟೇ.

ಇಡೀ ವಾರದಲ್ಲಿ ಅವನು ಇನ್ನೊಬ್ಬರ ಎದುರು ಕೂತು ಉಣ್ಣುತ್ತಿದ್ದದ್ದು ಭಾನುವಾರ ಮಧ್ಯಾಹ್ನ, ನೆಸ್ಟಾಳ ಮನೆಯಲ್ಲಿ. ಅದು ಶುರುವಾದದ್ದು ಒಂದು ಸಾವಿನಿಂದ. ನೆಸ್ಟಾಳ ಗಂಡ ಎಮ್ಲಿನ್ ಒಂದು ಸಂಜೆ ಕುರಿ ನೋಡಲು ನಾಲ್ಕು ಚಕ್ರದ ಬೈಕಿನಲ್ಲಿ ಗುಡ್ಡ ಹತ್ತಿದವನು ಹಿಂದಿರುಗಲಿಲ್ಲ. ಬೈಕು ಮಗುಚಿ ಅವನ ಮೇಲೆ ಬಿದ್ದಿತ್ತು. ಮರುದಿನ ಬೆಳಿಗ್ಗೆ ಅವನನ್ನು ಕಂಡುಹಿಡಿದವನು ಮೈರಿಗ್, ಕೆಳಗೆ ತಂದವನೂ ಅವನೇ. ಬಾಗಿಲಲ್ಲಿ ನಿಂತು ಸುದ್ದಿ ಹೇಳಿದ ಮೇಲೆ ಹೊರಟುಹೋಗದೆ, ಟೋಪಿ ಕೈಯಲ್ಲಿ ಹಿಡಿದುಕೊಂಡು, ಮಧ್ಯಾಹ್ನದವರೆಗೆ ಅವಳ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದನಂತೆ. ಮುಂದಿನ ಭಾನುವಾರ ನೆಸ್ಟಾ ಅಭ್ಯಾಸಬಲದಿಂದ ಇಬ್ಬರಿಗೆ ಅಡುಗೆ ಮಾಡಿಬಿಟ್ಟಳು, ಮಾಡಿದ್ದನ್ನು ಏನು ಮಾಡುವುದೆಂದು ಅವನನ್ನು ಕರೆದಳು. ಆಮೇಲೆ ಪ್ರತಿ ಭಾನುವಾರ ಅವನು ಹೋಗುತ್ತಿದ್ದ. ಒಲೆಯಲ್ಲಿ ಬೇಯಿಸಿದ ಕುರಿಮಾಂಸ, ಪುದೀನದ ಗೊಜ್ಜು, ಕೊನೆಗೆ ಅಕ್ಕಿಯ ಪಾಯಸ. ಪಾಯಸದ ಮೇಲೆ ಕಂದುಬಣ್ಣಕ್ಕೆ ಕಟ್ಟಿದ ಕೆನೆ ಯಾರಿಗೆ ಎಂದು ನಮ್ಮಲ್ಲಿ ಮನೆಮನೆಯಲ್ಲೂ ಜಗಳ. ನೆಸ್ಟಾ ಅದನ್ನು ಅವನ ಬಟ್ಟಲಿಗೆ ಹಾಕುತ್ತಿದ್ದಳು. ಊರು ಏನು ಅಂದುಕೊಳ್ಳಬೇಕೋ ಅದನ್ನು ಅಂದುಕೊಂಡಿತು. ಅವರಿಬ್ಬರು ಮಾತ್ರ ಏನನ್ನೂ ಅಂದುಕೊಂಡ ಹಾಗೆ ಕಾಣಲಿಲ್ಲ.

ಹೀಗಿರುವಾಗ ಒಂದು ವರ್ಷ ಎಲೆ ಉದುರುವ ಕಾಲದಲ್ಲಿ ಕಳ್ಳರು ಎಲ್ವಿನ್‌ನ ಕೊಟ್ಟಿಗೆಗೆ ನುಗ್ಗಿದರು. ಹೊತ್ತು ಮುಳುಗುವ ಮೊದಲೇ ವ್ಯಾನು ತಂದು ಅವನ ಬೈಕನ್ನು ಏರಿಸುತ್ತಿದ್ದರು. ಮೈರಿಗ್ ದಾರಿಗೆ ಅಡ್ಡ ಕಾರು ನಿಲ್ಲಿಸಿ ಇಳಿದ. ಅವರು ಮೂವರು. ನಮ್ಮ ಕಡೆಯ ಎರಡನೆಯ ಕಾರು ಕಡಲತೀರದಿಂದ ಹೊರಡಬೇಕು. ಆಚೆ ದಡದ ಕಾರು ಸೇತುವೆಯ ಹತ್ತಿರವೇ ಇತ್ತು, ಆದರೆ ಒಂದು ಕಚೇರಿ ಇನ್ನೊಂದು ಕಚೇರಿಯನ್ನು ಕೇಳಿ, ಅದು ಒಪ್ಪಿ, ಅಲ್ಲಿಂದ ಮಾತು ಬರಬೇಕು. ಬರುವ ಹೊತ್ತಿಗೆ ಮೈರಿಗ್‌ನ ಮಣಿಕಟ್ಟು ಮುರಿದಿತ್ತು, ಅವನು ಕೆಸರಿನಲ್ಲಿ ಕೂತಿದ್ದ. ಆಂಬುಲೆನ್ಸ್ ಬರುವವರೆಗೆ ಜೊತೆಗೆ ಕೂತವನು ಆಚೆ ದಡದ ಸಾರ್ಜೆಂಟ್ ಹ್ಯಾದರ್ಲಿ. ತನ್ನ ಕೋಟನ್ನು ಬಿಚ್ಚಿ ಇವನಿಗೆ ಹೊದಿಸಿದನಂತೆ. ಆಗಲೇ ಹೇಳಿದನಂತೆ: ನಮ್ಮಲ್ಲಿಗೆ ಬಂದುಬಿಡು, ನಮ್ಮಲ್ಲಿ ಕಾರಿಗೆ ಇಬ್ಬರು, ಜಾಗ ಖಾಲಿ ಇದೆ, ವಸಂತದವರೆಗೆ ಹಿಡಿದಿಡುತ್ತೇನೆ.

ಕೈಗೆ ಪಟ್ಟಿ ಕಟ್ಟಿಕೊಂಡು ಮೈರಿಗ್ ಇದನ್ನು ನನಗೆ ಹೇಳಿದ. ಹೋಗುತ್ತೀಯಾ ಎಂದು ಕೇಳಿದೆ.

"ಗೊತ್ತಿಲ್ಲ ಗ್ಲೆನಿಸಮ್ಮ. ಜನವರೀಲಿ ಕಮಿಷನರಮ್ಮ ಕಂದಾಯದ ವಿಷಯ ಕೇಳೋಕೆ ಬರ್ತಾರಂತೆ. ಇಲ್ಲಿನವರು ಇನ್ನೊಬ್ಬ ಬೇಕು ಅಂತ ಕೈ ಎತ್ತಿದ್ರೆ ಇರ್ತೀನಿ. ಎತ್ತದಿದ್ರೆ, ನಾನಿರೋದು ಯಾರಿಗೆ?"

ಇದನ್ನು ಅವನು ನೆಸ್ಟಾಳಿಗೂ ಹೇಳಿದ್ದ. ಅವಳು ಬಟ್ಟಲು ಎತ್ತಿಕೊಂಡು ಒಳಗೆ ಹೋದಳಂತೆ. ಆದರೆ ಅಂಗಡಿಯಲ್ಲಿ ಎಲ್ಲರ ಎದುರಿಗೆ, ಇನ್ನೊಬ್ಬ ಪೇದೆ ಬರಲೇಬೇಕು, ಇದು ನ್ಯಾಯವಾದ ಮಾತು ಎಂದು ಅವಳು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಕಮಿಷನರಮ್ಮ ಎಂದರೆ ಶ್ರೀಮತಿ ಟ್ರಹರ್ನ್. ಜನರೇ ಆರಿಸಿದವರು, ಪೊಲೀಸರ ಪಾಲಿನ ಕಂದಾಯ ಎಷ್ಟೆಂದು ಹೇಳುವವರು. ಜನವರಿಯ ಒಂದು ಮಧ್ಯಾಹ್ನ ಚಾಪೆಲ್ಲಿನ ಪಕ್ಕದ ಹಾಲಿನಲ್ಲಿ ಸಭೆ ಸೇರಿತು. ನಾನು ಚಹಾದ ಹಂಡೆ ಇಟ್ಟೆ, ಒಣಹಣ್ಣಿನ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದೆ. ಜನ ತುಂಬಿದ್ದರು. ಮೈರಿಗ್ ಸಮವಸ್ತ್ರದಲ್ಲಿ ಬಾಗಿಲ ಬಳಿ ನಿಂತಿದ್ದ. ಸಭೆ ಎಂದ ಮೇಲೆ ಪೊಲೀಸು ಇರಬೇಕು, ಇರುವ ಪೊಲೀಸು ಅವನೊಬ್ಬನೇ.

ಕಮಿಷನರಮ್ಮ ಚೆನ್ನಾಗಿ ಮಾತಾಡಿದರು. ಸರ್ಕಾರದ ಪಾಲು ಬೆಳೆಯುತ್ತಿಲ್ಲ, ಆದ್ದರಿಂದ ಮನೆಗಳನ್ನೇ ಕೇಳಬೇಕಾಗಿದೆ, ಇತರ ಕಣಿವೆಗಳನ್ನೂ ಕೇಳುತ್ತಿದ್ದೇನೆ ಎಂದರು. ಇಲ್ಲಿಯವರು ಒಪ್ಪಿದರೆ ಎರಡನೆಯ ಪೇದೆಯ ಮಾತನ್ನು ಎಲ್ಲಕ್ಕಿಂತ ಮುಂದಿಡುತ್ತೇನೆ ಎಂದರು. ಎಲ್ವಿನ್ ಹಿಂದಿನ ಬೆಂಚಿನಿಂದ ಎದ್ದ.

"ಮುಂದಿಡೋದು ಬೇರೆ, ಕಳಿಸೋದು ಬೇರೆ ಅಲ್ವಾ ತಾಯಿ? ನಾನೂ ನಮ್ಮ ನಾಯಿ ಮುಂದೆ ಎಷ್ಟೋ ಸಲ ಮೂಳೆ ಇಟ್ಟು ತಗೊಂಡಿದ್ದೀನಿ."

ಜನ ನಕ್ಕರು. ಕಮಿಷನರಮ್ಮನೂ ನಕ್ಕರು, ಚಹಾದ ಲೋಟ ಎತ್ತಿಕೊಂಡರು.

ನಮ್ಮ ಚಾಪೆಲ್ಲಿಗೆ ಒಂದು ಪದ್ಧತಿ ಇದೆ. ಮನಸ್ಸು ಮುರಿಯುವಂಥ ವಿಷಯ ಬಂದಾಗ ಕಣ್ಣು ಮುಚ್ಚಿ ಕೈ ಎತ್ತುವುದು. ನನ್ನ ಅಜ್ಜನ ಕಾಲದಲ್ಲಿ ಹೊಸ ಪಾದ್ರಿಯನ್ನು ಆರಿಸುವಾಗ ಯಾರ ಕೈ ಎದ್ದಿತು, ಯಾರದು ಏಳಲಿಲ್ಲ ಎಂದು ಒಬ್ಬರನ್ನೊಬ್ಬರು ನೋಡಿಕೊಂಡು, ಎರಡು ಮನೆಯವರು ಒಬ್ಬರ ಹೆಣಕ್ಕೆ ಇನ್ನೊಬ್ಬರು ಬಾರದಷ್ಟು ದೂರವಾದರಂತೆ. ಅಂದಿನಿಂದ ಸಭೆಯಲ್ಲಿ ಎಲ್ಲರೂ ಕಣ್ಣು ಮುಚ್ಚುತ್ತಾರೆ. ಚಾಪೆಲ್ ಮನೆಯವಳು ಒಬ್ಬಳೇ ಕಣ್ಣು ತೆರೆದು ಎಣಿಸಬೇಕು. ಎಣಿಕೆ ಹೇಳಬೇಕು, ಹೆಸರು ಹೇಳಬಾರದು. ನನ್ನ ಅಜ್ಜಿ ಎಣಿಸಿದಳು, ನನ್ನ ತಾಯಿ ಎಣಿಸಿದಳು. ಅವರು ಕಂಡದ್ದೆಲ್ಲ ಅವರ ಜೊತೆಗೇ ಮಣ್ಣಿಗೆ ಹೋಯಿತು.

ಹಿರಿಯರಾದ ಗೋರೊನ್ವಿ ಎದ್ದು, ಎಲ್ಲರೂ ಕಣ್ಣು ಮುಚ್ಚಿ ಎಂದರು. ಹಾಲಿನಲ್ಲಿ ಪ್ರಾರ್ಥನೆಯಂಥ ಮೌನ ಇಳಿಯಿತು. ಕಮಿಷನರಮ್ಮ ಮುಚ್ಚಿದರು, ಅವರ ಜೊತೆ ಬಂದಿದ್ದ ಅಧಿಕಾರಿಯೂ ಮುಚ್ಚಿದ. ಕಂದಾಯ ಏರಲಿ ಎನ್ನುವವರು ಕೈ ಎತ್ತಿ ಎಂದರು ಗೋರೊನ್ವಿ. ತೋಳುಗಳ ಬಟ್ಟೆ ಸರಿಯುವ ಸದ್ದು. ನಾನು ಎಣಿಸುತ್ತಾ ಮುಂದಿನ ಬೆಂಚಿನಿಂದ ಹಿಂದಕ್ಕೆ ಬಂದೆ. ನೆಸ್ಟಾ ಕಿಟಕಿಯ ಪಕ್ಕ ಕೂತಿದ್ದಳು. ಅವಳ ಕಣ್ಣು ಬಿಗಿಯಾಗಿ ಮುಚ್ಚಿತ್ತು. ಅವಳ ಎರಡು ಕೈಗಳೂ ಮಡಿಲಲ್ಲಿ, ಒಂದನ್ನೊಂದು ಹಿಡಿದುಕೊಂಡಿದ್ದವು.

ನಾನು ತಲೆ ಎತ್ತಿದೆ. ಬಾಗಿಲ ಬಳಿ ಮೈರಿಗ್ ಕಣ್ಣು ತೆರೆದು ನಿಂತಿದ್ದ. ಅವನು ನೋಡುತ್ತಿದ್ದದ್ದು ಅದೇ ಮಡಿಲನ್ನು.

ಅವನು ಬೇಕೆಂದು ಮಾಡಿದ್ದಲ್ಲ. ಕೆಲಸದ ಮೇಲೆ ನಿಂತ ಪೊಲೀಸಿನವನಿಗೆ ಕಣ್ಣು ಮುಚ್ಚಿ ಎಂಬ ಮಾತು ಅನ್ವಯಿಸುತ್ತದೆ ಎಂದು ಅವನಿಗೆ ಅನ್ನಿಸಿರಲೇ ಇಲ್ಲ. ಚಾಪೆಲ್ಲಿನಲ್ಲಿ ಬೆಳೆದವನಾಗಿದ್ದರೆ ಮೈಯೇ ಮುಚ್ಚಿಸುತ್ತಿತ್ತು. ನಮ್ಮಿಬ್ಬರ ಕಣ್ಣು ಕೂಡಿತು. ಇಡೀ ಹಾಲಿನಲ್ಲಿ ತೆರೆದಿದ್ದವು ಆ ಎರಡು ಜೊತೆ ಕಣ್ಣು ಮಾತ್ರ. ಅವನು ತಟ್ಟನೆ ಮುಖ ತಿರುಗಿಸಿ ಗೋಡೆಯ ಗಡಿಯಾರವನ್ನು ನೋಡತೊಡಗಿದ. ನನ್ನ ಎಣಿಕೆ ತಪ್ಪಿತು, ಹಿಂದಿನ ಬೆಂಚನ್ನು ಇನ್ನೊಂದು ಸಲ ಎಣಿಸಿದೆ.

ಎದ್ದ ಕೈಗಳೇ ಹೆಚ್ಚಾಗಿದ್ದವು. ಕಣಿವೆ ಒಪ್ಪಿತು. ಜನ ಮೈರಿಗ್‌ನ ಬಳಿ ಬಂದು ಬೆನ್ನು ತಟ್ಟಿದರು. ಹಾಗೆ ತಟ್ಟಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಇನ್ನು ಎಲ್ಲೂ ಓಡಿಹೋಗೋ ಹಾಗಿಲ್ಲ ಎಂದು ಎಲ್ವಿನ್ ತಮಾಷೆ ಮಾಡಿದ. ನೆಸ್ಟಾ ದೂರದಿಂದಲೇ ಕೈ ಬೀಸಿ, ಭಾನುವಾರ ಬೇಗ ಬಾ ಎಂದು ಸನ್ನೆ ಮಾಡಿ ಹೋದಳು.

ಆ ಭಾನುವಾರ ಅವನು ಹೋಗಲಿಲ್ಲ. ಕೆಲಸ ಬಂತು ಎಂದು ಫೋನು ಮಾಡಿದನಂತೆ. ಮುಂದಿನ ಭಾನುವಾರ ಶೀತ. ಅದರ ಮುಂದಿನದಕ್ಕೆ ಫೋನೂ ಇಲ್ಲ. ನನ್ನ ಅಡುಗೆಮನೆಗೆ ಮಾತ್ರ ಬರುತ್ತಿದ್ದ. ಸೀಸದ ತಗಡನ್ನು ಹಿಂದಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದ. ಸಭೆಯ ಮಾತನ್ನು ಅವನು ಎತ್ತಲಿಲ್ಲ, ನಾನು ಎತ್ತುವ ಹಾಗಿರಲಿಲ್ಲ. ಒಮ್ಮೆ ಚಹಾ ತಣ್ಣಗಾಗುವವರೆಗೆ ಕೂತಿದ್ದು, ಗಂಡ ಸತ್ತ ಹೆಂಗಸಿಗೆ ಕಂದಾಯ ಕಟ್ಟುವುದು ಕಷ್ಟವೇ, ಅದರಲ್ಲಿ ತಪ್ಪೇನಿಲ್ಲ ಎಂದ. ಯಾರ ಹೆಸರನ್ನೂ ಹೇಳಲಿಲ್ಲ. ನಾನು ಕೆಟಲನ್ನು ಮತ್ತೆ ಒಲೆಯ ಮೇಲಿಟ್ಟೆ. ನೆಸ್ಟಾ ಕೈ ಎತ್ತದೆ ಇದ್ದದ್ದು ದುಡ್ಡಿಗೆಂದೇ ನನಗೂ ಅನ್ನಿಸಿತ್ತು. ಅಂಗಡಿಯಲ್ಲಿ ಒಂದು, ಸಭೆಯಲ್ಲಿ ಇನ್ನೊಂದು ಎಂದು ಮನಸ್ಸು ಕಹಿಯಾಗಿತ್ತು.

ಮಾರ್ಚಿನಲ್ಲಿ, ಕುರಿಗಳು ಮರಿ ಹಾಕುವ ಕಾಲಕ್ಕೆ, ಕಡಲತೀರದಿಂದ ಸುದ್ದಿ ಬಂತು. ಕಂದಾಯ ಏರಿದೆ. ನಮ್ಮ ಸೀಮೆಯ ಮನೆಗಳೆಲ್ಲ ಒಪ್ಪಿ ಕೊಟ್ಟದ್ದು ಈಗ ಇರುವವರ ಸಂಬಳ, ಕಾರಿನ ಎಣ್ಣೆ, ಸೋರುವ ಕಚೇರಿಯ ಮಾಡು ಇಷ್ಟಕ್ಕೇ ಮುಗಿಯುತ್ತದೆ. ಎರಡನೆಯ ಪೇದೆ ಈ ವರ್ಷ ಇಲ್ಲ. ಅದೇ ವಾರ ಆಚೆ ದಡದಲ್ಲೂ ಅಷ್ಟೇ ಏರಿಸಿದ್ದರು. ಅಲ್ಲಿ ಹೊಸ ಪೇದೆಗಳ ತಂಡವೇ ಬರುವುದೆಂದು ಹ್ಯಾದರ್ಲಿ ಹೇಳಿದನಂತೆ, ಹೇಳಿ ನಾಚಿಕೊಂಡನಂತೆ. ಜಾಗ ಇನ್ನೂ ಇದೆ, ಆದರೆ ತಿಂಗಳ ಕೊನೆಯೊಳಗೆ ಹೂಂ ಅನ್ನಬೇಕು ಎಂದನಂತೆ.

ಮೈರಿಗ್ ಇದನ್ನು ನನಗೆ ಹೇಳುತ್ತಾ ಕೂತಿದ್ದಾಗಲೇ ನೆಸ್ಟಾ ಹಿಂಬಾಗಿಲಿನಿಂದ ಬಂದಳು. ಶುಕ್ರವಾರ, ಚಾಪೆಲ್ಲಿನ ಹಿತ್ತಾಳೆ ಉಜ್ಜಲು ಬರುವ ದಿನ. ಅವನನ್ನು ಕಂಡು ಒಂದು ಗಳಿಗೆ ನಿಂತಳು, ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

ಅವನು ಎದ್ದು ಹೋಗುವ ಹಾಗೆ ಟೋಪಿಗೆ ಕೈ ಹಾಕಿದ.

"ಕೂತ್ಕೋ," ಎಂದಳು ನೆಸ್ಟಾ. "ಪಾಯಸ ಮಾಡಿ ಮಾಡಿ ನಾಯಿಗೆ ಹಾಕ್ತಿದ್ದೀನಿ. ನಾಯಿ ದಪ್ಪ ಆಗ್ತಾ ಇದೆ. ನಾನು ಮಾಡಿದ ತಪ್ಪೇನು ಅಂತ ಹೇಳು, ಆಮೇಲೆ ಹೋಗು."

ಮೈರಿಗ್ ಟೋಪಿಯನ್ನು ಮತ್ತೆ ಮೇಜಿನ ಮೇಲಿಟ್ಟ. ನಾನು ಎದ್ದು ಹೊರಗೆ ಹೋಗೋಣವೆಂದುಕೊಂಡೆ, ಹೋಗಲಿಲ್ಲ.

"ಅವತ್ತು ನಿನ್ನ ಕೈ ಮಡಿಲಲ್ಲಿತ್ತು," ಎಂದ.

ನೆಸ್ಟಾ ತಟ್ಟನೆ ನನ್ನ ಕಡೆ ತಿರುಗಿದಳು. ನಾನು ತಲೆಯಾಡಿಸಿದೆ, ನಾನಲ್ಲ ಎಂದು. ಅವಳು ಅವನ ಕಡೆಗೆ ತಿರುಗಿದಳು.

"ನೀನು ನೋಡಿದ್ಯಾ."

"ಡ್ಯೂಟಿ ಮೇಲಿದ್ದೆ."

"ಎಲ್ರೂ ಮುಚ್ಚಿದ್ರು ಮೈರಿಗ್. ಆ ಕಮಿಷನರಮ್ಮ ಮುಚ್ಚಿದ್ರು. ಎಲ್ಲದಕ್ಕೂ ನಗೋ ಎಲ್ವಿನ್ ಮುಚ್ಚಿದ್ದ."

"ನಂಗೆ ಯಾರೂ ಹೇಳ್ಲಿಲ್ಲ."

"ಹೇಳಿದ್ರು. ಎಲ್ರೂ ಕಣ್ಣು ಮುಚ್ಚಿ ಅಂದ್ರು. ಆ ಎಲ್ರಲ್ಲಿ ನೀನೂ ಇದ್ದೀಯ ಅಂತ ನಿಂಗೆ ಅನ್ನಿಸ್ಲೇ ಇಲ್ಲ."

"ಯಾವತ್ತು ಇದ್ದೆ?" ಎಂದ ಅವನು. ಸಿಟ್ಟಿನಿಂದ ಅಲ್ಲ. ದಾರಿ ಕೇಳುವವನ ಹಾಗೆ ಕೇಳಿದ.

ಒಲೆಯ ಮೇಲೆ ಕೆಟಲು ಕುದಿಯತೊಡಗಿತ್ತು. ನಾನು ಅದನ್ನು ಇಳಿಸಿ ಅಲ್ಲಿಯೇ, ಅವರಿಗೆ ಬೆನ್ನು ಮಾಡಿ ನಿಂತೆ.

ನೆಸ್ಟಾ ಮಾತಾಡಿದಾಗ ಅವಳ ದನಿ ಬೇರೆಯಾಗಿತ್ತು. "ದುಡ್ಡಿನ ಆಸೆಗೆ ಕೈ ಎತ್ತಲಿಲ್ಲ ಅಂದ್ಕೊಂಡ್ಯಾ? ಇಷ್ಟು ದಿನ ಅದನ್ನೇ ಅಂದ್ಕೊಂಡು ಕೂತಿದ್ಯಾ? ಎಮ್ಲಿನ್ ರಾತ್ರಿಯೆಲ್ಲಾ ಒಬ್ಬನೇ ಆ ಗುಡ್ಡದ ಮೇಲೆ ಬಿದ್ದಿದ್ದ. ಬೇಗ ಹೋಗ್ಬಿಟ್ಟ, ನೋವು ಗೊತ್ತಾಗಿರಲ್ಲ ಅಂದೆ ನೀನು. ಅವನ ಉಗುರಲ್ಲಿ ಮಣ್ಣು ತುಂಬಿತ್ತು, ನಾನೇ ತೊಳ್ದಿದ್ದೀನಿ. ನೀನು ಸುಳ್ಳು ಹೇಳ್ದೆ, ನಾನು ನಂಬಿದ ಹಾಗೆ ಇದ್ದೆ."

ಮೈರಿಗ್ ಕೂತ ಕುರ್ಚಿ ಕಿರುಗುಟ್ಟಿತು.

"ಕಳೆದ ಸಲ ನಿನ್ನ ಕೈ ಮುರಿದ್ರು. ಮುಂದಿನ ಸಲ ಏನು ಮುರೀತಾರೋ. ಇನ್ನೊಬ್ಬ ಬರಲ್ಲ ಅಂತ ಇಡೀ ಕಣಿವೆಗೆ ಗೊತ್ತಿತ್ತು ಕಣೋ. ಈ ಗುಬ್ಬಿಗೂಡುಗಳ ಕಂದಾಯದಲ್ಲಿ ಎಲ್ಲಿಂದ ಬರ್ತಾನೆ? ನಂಬಿದ್ದವನು ನೀನೊಬ್ಬ. ನಾವು ಕೈ ಎತ್ತಿದ್ರೆ ನೀನು ಇರ್ತೀನಿ ಅಂದಿದ್ದೆ. ಎತ್ತಿದ್ರೆ ನೀನು ಇಲ್ಲೇ ಇರ್ತೀಯ, ಒಬ್ಬನೇ. ಎಲ್ರಿಗೂ ಅದೇ ಬೇಕಿತ್ತು. ನಂಗೆ ಬೇಡವಾಗಿತ್ತು. ಆಚೆ ದಡಕ್ಕೆ ಹೋಗು. ಪಕ್ಕದಲ್ಲಿ ಯಾರಾದ್ರೂ ಕೂತಿರ್ಲಿ."

ಎದ್ದು ಹಿತ್ತಾಳೆಯ ಪುಡಿ, ಬಟ್ಟೆ ತೆಗೆದುಕೊಂಡು, ಅಡುಗೆಮನೆಗೆ ಅಂಟಿದ ಬಾಗಿಲಿನಿಂದ ಚಾಪೆಲ್ಲಿನ ಒಳಕ್ಕೆ ಹೋದಳು. ಮೈರಿಗ್ ಕೂತೇ ಇದ್ದ. ಒಳಗಿನಿಂದ ಉಜ್ಜುವ ಸದ್ದು ಕೇಳುತ್ತಿತ್ತು. ಅವನು ಆ ಬಾಗಿಲವರೆಗೆ ಹೋದ, ಅಲ್ಲಿ ನಿಂತ, ಹಿಂದಿರುಗಿ ಬಂದು ಹಿಂಬಾಗಿಲಿನಿಂದ ಹೊರಟುಹೋದ.

ನೆಸ್ಟಾ ತಾನೇ ಬಾಯಿಬಿಟ್ಟು ಆಡಿದ್ದರಿಂದ ಅವಳ ಕೈಯ ವಿಷಯ ಇಲ್ಲಿ ಹೇಳಿದ್ದೇನೆ. ಉಳಿದ ಕೈಗಳದು ನನ್ನ ಜೊತೆಗೇ ಹೋಗುತ್ತದೆ.

ಮೈರಿಗ್ ನೆಟ್ಟಗಿನ ಮನುಷ್ಯ. ಮರುದಿನವೇ ಗೋರೊನ್ವಿಯವರ ಮನೆಗೆ ಹೋಗಿ, ಸಭೆಯಲ್ಲಿ ತನ್ನ ಕಣ್ಣು ತೆರೆದಿತ್ತು, ಪದ್ಧತಿ ಗೊತ್ತಿರಲಿಲ್ಲ, ಕ್ಷಮಿಸಬೇಕು ಎಂದ. ಹಿರಿಯರು ಕ್ಷಮಿಸಿದರು. ಆದರೆ ಅವರ ಹೆಂಡತಿ ಪಕ್ಕದ ಕೋಣೆಯಲ್ಲಿದ್ದಳು, ಸಂಜೆಯೊಳಗೆ ಸುದ್ದಿ ಎಲ್ಲ ಒಲೆಗಳ ಬಳಿ ಕೂತಿತ್ತು. ಆಮೇಲೆ ಠಾಣೆಯ ಬಾಗಿಲಿಗೆ ಮೊಟ್ಟೆ ಬಂತು, ಬೆಣ್ಣೆ ಬಂತು, ಒಂದು ಜೊತೆ ಹೆಣೆದ ಕಾಲುಚೀಲವೂ ಬಂತು. ಬಂದವರೆಲ್ಲ ಕೇಳದೆಯೇ ತಮ್ಮ ಕೈಯ ಕಥೆ ಹೇಳಿದರು. ಒಬ್ಬಳಿಗೆ ಭುಜದ ನೋವು, ಅದಕ್ಕೇ ಪೂರ್ತಿ ಏಳಲಿಲ್ಲ. ಒಬ್ಬನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಎಲ್ವಿನ್ ಬಂದು, "ನೋಡಿದ್ಯಲ್ಲ ಸರ್ಕಾರ? ನಾನು ಎರಡೂ ಎತ್ತಿದ್ದೆ," ಎಂದ. ಎರಡೂ ಎತ್ತಿರಲಿಲ್ಲ, ಇಷ್ಟನ್ನು ಮಾತ್ರ ಹೇಳಬಲ್ಲೆ.

ಅವನು ನೋಡಿದ್ದು ಒಂದೇ ಒಂದು ಮಡಿಲನ್ನು ಎಂದು ಯಾರೂ ನಂಬಲಿಲ್ಲ. ಅಂಗಡಿಯಲ್ಲಿ ಅವನು ಬಂದಾಗ ಮಾತು ಈಗ ಪೂರ್ತಿಯಾಗಿ ನಿಲ್ಲುತ್ತಿತ್ತು, ಅವನು ಹೋಗುವವರೆಗೆ ಹೊರಡುತ್ತಿರಲಿಲ್ಲ. ಜನ ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಮರ್ಯಾದೆ ಕೊಟ್ಟ ಮೇಲೆ ಹತ್ತಿರ ಕೂರಲಿಲ್ಲ.

ತಿಂಗಳ ಕೊನೆಗೆ ಅವನು ಹ್ಯಾದರ್ಲಿಗೆ ಹೂಂ ಅಂದ. ಬೇಲಿಯ ಹಾಥಾರ್ನ್ ಮುಳ್ಳುಗಿಡ ಹೂಬಿಡುವ ಹೊತ್ತಿಗೆ ಠಾಣೆಯ ಹಿಂದಿನ ಕೋಣೆಗಳಿಂದ ಎರಡು ಪೆಟ್ಟಿಗೆ, ಒಂದು ರೇಡಿಯೊ, ಒಂದು ದೀಪ ಹೊರಗೆ ಬಂದವು. ಅಷ್ಟೇ ಇದ್ದದ್ದು. ಹೋಗುವ ಮೊದಲು ಚಾಪೆಲ್ಲಿನ ಮಾಡನ್ನು ಒಂದು ಸುತ್ತು ನೋಡಿ ಬಂದ. ಗಿರಣಿಮನೆಗೆ ಹೋಗಿದ್ದೆಯಾ ಎಂದು ಕೇಳಿದೆ. ಹೋಗಿದ್ದೆ ಎಂದ. ಸೇತುವೆಯ ಆಚೆ ಅವನು ಎಲ್ಮರ್‌ಫರ್ಡ್ ಪೇಟೆಯಲ್ಲಿ ಮನೆ ಹಿಡಿದ. ದೂರವೇನಲ್ಲ. ಮೊದಲು ಕೆಲವು ಭಾನುವಾರ ಊಟಕ್ಕೆ ಬಂದನಂತೆ. ಅಷ್ಟು ವಾರ ಅವನು ಅವಳ ಬಗ್ಗೆ ಅಂದುಕೊಂಡಿದ್ದದ್ದು ಮೇಜಿನ ಮೇಲೆ ಉಪ್ಪಿನ ಪಕ್ಕದಲ್ಲೇ ಕೂತಿರುತ್ತಿತ್ತು ಎಂದಳು ನೆಸ್ಟಾ. ಅದನ್ನು ಎತ್ತಿ ಆಚೆ ಇಡಲು ಅವನಿಗೂ ತಿಳಿಯಲಿಲ್ಲ, ತನಗೂ ತಿಳಿಯಲಿಲ್ಲ ಎಂದಳು. ಆಮೇಲೆ ಅವನಿಗೆ ಭಾನುವಾರದ ಕೆಲಸ ಬಿತ್ತು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಠಾಣೆಯ ಕಿಟಕಿಗಳಿಗೆ ಹಲಗೆ ಹೊಡೆದಿದ್ದಾರೆ. ನಮಗೆ ಏನಾದರೂ ಆದರೆ ಫೋನು ಮಾಡಬೇಕು, ಕಡಲತೀರದಿಂದ ಕಾರು ಬರುತ್ತದೆ. ಬಂದವರಿಗೆ ಮನೆಹೆಸರುಗಳು ಗೊತ್ತಿಲ್ಲ, ದಾರಿ ಕೇಳುತ್ತಾರೆ. ಎಲೆ ಉದುರುವ ಕಾಲಕ್ಕೆ ಚಾಪೆಲ್ಲಿನ ಸೀಸದ ತಗಡು ಹೋಯಿತು. ನಾನು ಬೆಳಿಗ್ಗೆ ಮಂಡಿಯೂರಿದಾಗ ಬೆನ್ನ ಮೇಲೆ ಹನಿ ಬಿತ್ತು, ಆಗ ಗೊತ್ತಾಯಿತು. ಕೇಳಿ ಬರೆದುಕೊಂಡು ಹೋದ ಪೇದೆ ಹುಡುಗ ಒಳ್ಳೆಯವನೇ. ಅವನೂ ಒಬ್ಬನೇ ಬಂದಿದ್ದ.

ಹೋದ ವಾರ ನಾನು ಗಿರಣಿಮನೆಗೆ ಹೋಗಿದ್ದೆ. ನೆಸ್ಟಾಳ ಅಡುಗೆಮನೆಯ ಕಿಟಕಿಯಿಂದ ನದಿ ಕಾಣುತ್ತದೆ, ನದಿಯ ಆಚೆಗೆ ಅವರ ಸೀಮೆಯ ರಸ್ತೆ ಕಾಣುತ್ತದೆ. ಅವಳು ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸಿ ಇಡುತ್ತಿದ್ದೆ. ಆಚೆ ದಡದ ಪೊಲೀಸ್ ಕಾರು ಬಂತು. ಅವಳು ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯಿಂದ ಗಾಜಿನ ಆವಿಯನ್ನು ಒರೆಸಿ, ಹಣೆಯನ್ನು ಗಾಜಿಗೆ ತಾಗಿಸಿ ನೋಡಿದಳು. ಇಷ್ಟು ದೂರದಿಂದ ಮುಖ ಯಾರದೆಂದು ತಿಳಿಯುವುದಿಲ್ಲ. ಅವನೇ ಇದ್ದಾನೋ ಬೇರೆ ಯಾರೋ, ಅದೂ ತಿಳಿಯುವುದಿಲ್ಲ. ಕಾರು ಮರಗಳ ಹಿಂದೆ ಹೋಗುವವರೆಗೆ ಅವಳು ಕದಲಲಿಲ್ಲ.

"ಇಬ್ರಿದ್ದಾರೆ," ಎಂದಳು.

ನಲ್ಲಿ ತಿರುಗಿಸಿ ಇನ್ನೊಂದು ತಟ್ಟೆ ಕೈಗೆತ್ತಿಕೊಂಡಳು.